ಎದೆಯೊಳಗಿನ ತಂತಿ

ಮಲಪ್ರಭೆಯ ದಂಡೆಯ ಒಂದು ಮಠದಲ್ಲಿ ರುದ್ರಮುನಿ ಅಜ್ಜ ಇದ್ದರು. ಅವರ ಎದೆಗೆ ಪೇಸ್‌ಮೇಕರ್ ಹಾಕಿ ಇಪ್ಪತ್ತಾರು ವರ್ಷವಾಗಿತ್ತು. ಯಂತ್ರವನ್ನು ಎರಡು ಸಲ ಬದಲಿಸಿದ್ದರು. ಅದರಿಂದ ಹೃದಯಕ್ಕೆ ಹೋಗುವ ತಂತಿ ಮಾತ್ರ ಮೊದಲಿನದೇ.

ಶಿಷ್ಯ ಈರಭದ್ರ ಮಠಕ್ಕೆ ಬರುವ ಮೊದಲು ಕರೆಂಟಿನ ಲೈನ್‌ಮನ್ ಆಗಿದ್ದವನು.

ಒಂದು ಬೆಳಿಗ್ಗೆ ಅಜ್ಜ ಎಡಗೈ ಎತ್ತಿ ಒದ್ದೆ ಪಂಚೆಯನ್ನು ಹಗ್ಗದ ಮೇಲೆ ಹಾಕುತ್ತಿದ್ದರು. ಆಡುತ್ತಿದ್ದ ಮಾತು ಅರ್ಧಕ್ಕೆ ನಿಂತಿತು. ಕಣ್ಣು ತೆರೆದೇ ಇದ್ದವು, ನೋಟ ಇರಲಿಲ್ಲ. ಕೈ ಇಳಿದ ಮೇಲೆ, ಬಿಟ್ಟ ಪದದಿಂದಲೇ ಮಾತು ಮುಂದುವರಿಯಿತು.

ಮರುದಿನವೂ ಹಾಗೇ ಆಯಿತು.

ಈರಭದ್ರನಿಗೆ ಭಯವಾಯಿತು. ಮೇಲಿನ ಹೊದಿಕೆ ಚೆನ್ನಾಗಿದ್ದು ಒಳಗೆ ಮುರಿದ ತಂತಿ ಹೀಗೇ ಒಮ್ಮೆ ತಾಕಿ ಕರೆಂಟು ಹರಿಸುತ್ತದೆ, ಒಮ್ಮೆ ಬಿಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆಸ್ಪತ್ರೆಗೆ ಹೋಗೋಣವೆಂದು ಬೇಡಿಕೊಂಡ. ಅಜ್ಜ ನಾಳೆ ನೋಡೋಣ ಎಂದರು.

ಆ ನಾಳೆಯೇ ಅವರು ನದಿಯ ಮೆಟ್ಟಿಲ ಮೇಲೆ ಕುಸಿದರು.

ಈರಭದ್ರ ಓಡಿಹೋಗಿ ಅವರ ಬಲಗೈ ಮಣಿಕಟ್ಟು ಹಿಡಿದ. ನಾಡಿ ಇರಲಿಲ್ಲ. ಎಣಿಸತೊಡಗಿದ. ಹನ್ನೊಂದರವರೆಗೂ ಏನೂ ಇಲ್ಲ. ಹನ್ನೆರಡಕ್ಕೆ ಬೆರಳ ಕೆಳಗೆ ಒಂದು ಬಡಿತ ಬಂತು.

ಎದ್ದು ಕೂತ ಅಜ್ಜ ತಮ್ಮ ಕೈಯನ್ನು ತಾವೇ ಬಹಳ ಹೊತ್ತು ನೋಡಿಕೊಂಡರು. ಆಮೇಲೆ ತಾವಾಗಿಯೇ, ಆಸ್ಪತ್ರೆಗೆ ಹೋಗೋಣ ಎಂದರು.

ಡಾಕ್ಟರು ಎಡಗೈ ಎತ್ತಿಸಿ ನೋಡಿದರು. ಪರದೆಯ ಮೇಲಿನ ಬಡಿತದ ಗೆರೆ ನೆಟ್ಟಗೆ ಮಲಗಿತು. ಕೊರಳೆಲುಬಿಗೂ ಅದರ ಕೆಳಗಿನ ಪಕ್ಕೆಲುಬಿಗೂ ನಡುವೆ ಸಿಕ್ಕಿ ಸವೆದು ತಂತಿ ಮುರಿದಿದೆ ಎಂದರು. ಪಕ್ಕದಲ್ಲೇ ಹೊಸದನ್ನು ಹಾಕಿದರು. ಹಳೆಯದರ ತುದಿಯ ಮೇಲೆ ಮಾಂಸ ಬೆಳೆದುಬಿಟ್ಟಿತ್ತು. ಎಳೆದರೆ ಹೃದಯವೇ ಹರಿದೀತೆಂದು ಅದನ್ನು ಅಲ್ಲೇ ಬಿಟ್ಟರು.

ಎಂಟು ದಿನದ ಮೇಲೆ ಇಬ್ಬರೂ ನದಿಯ ದಂಡೆಯಲ್ಲಿ ಕೂತರು. ನಾಡಿ ಒಂದೇ ಸಮ ಬಡಿಯುತ್ತಿತ್ತು.

"ಅಜ್ಜಾರ, ಈ ತಂತಿ ಎಷ್ಟು ವರ್ಷ ಬಾಳತೈತ್ರಿ?"

"ನನಗಿಂತ ಒಂದು ದಿನ ಹೆಚ್ಚು ಬಾಳಿದರ ಸಾಕು."

ಈರಭದ್ರ ಕೇಳಬಾರದೆಂದುಕೊಂಡಿದ್ದನ್ನು ಕೇಳಿಯೇಬಿಟ್ಟ.

"ಅವತ್ತು ಬಿದ್ದಾಗ ನಿಮಗ ಏನರ ಕಾಣಿಸಿತೇನ್ರಿ?"

ಅಜ್ಜ ನೀರನ್ನೇ ನೋಡುತ್ತಿದ್ದರು.

"ನೀ ಕಾಣಿಸಿದಿ. ಯಾರದೋ ಕೈ ಹಿಡಕೊಂಡು ಅಳಾಕತ್ತಿದ್ದಿ. ಯಾರು ಹೋದರು ಅಂತ ಎರಡು ಸಲ ಕೇಳಿದೆ. ನೀ ತಿರುಗಿ ನೋಡಲಿಲ್ಲ."