ಒಳಗೆ ಇನ್ನೂ ಒಬ್ಬರಿದ್ದಾರೆ

ಆಗ ಸಕ್ಕರೆ ಕಾರ್ಖಾನೆಯ ಇಡೀ ಕಚೇರಿಗೆ ಒಂದೇ ಕಂಪ್ಯೂಟರ್. ಅದರ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕು. ಮೇಜು ಮೇಜಿಗೂ ಅದಕ್ಕೇ ತಂತಿಯಿಂದ ಜೋಡಿಸಿದ ಹಸಿರಕ್ಷರದ ಪರದೆ. ಸಂಜೆ ಎಲ್ಲರೂ ಕೆಲಸ ಉಳಿಸಿ, ಲಾಗೌಟ್ ಮಾಡಿ ಯಂತ್ರದಿಂದ ಹೊರಬಂದಿದ್ದಾರೆಯೇ ಎಂದು ನೋಡಿಕೊಂಡೇ ಆಪರೇಟರಮ್ಮ ಕಮಾಂಡ್ ಕೊಟ್ಟು ಯಂತ್ರ ನಿಲ್ಲಿಸುತ್ತಿದ್ದಳು.

ಒಂದು ಸಂಜೆ ಮ್ಯಾನೇಜರ್ ಬಿಳಿಗಿರಯ್ಯನವರಿಗೆ ಮದುವೆ ಊಟದ ಅವಸರ. ಬೂಟು ಬಿಚ್ಚಿ, ಬೀಗದ ಕೈ ಕುಣಿಸುತ್ತ ಬಂದರು.

"ಇನ್ನೂ ಆರಿಸಿಲ್ವೇನ್ರೀ?"

"ಒಳಗೆ ಇನ್ನೂ ಒಬ್ಬರಿದ್ದಾರೆ ಸಾರ್. ಈಗ ಆರಿಸಿದರೆ ಅವರು ಬರೆದಿದ್ದೆಲ್ಲ ಹೋಗುತ್ತೆ."

"ಹೋಗ್ಲಿ! ಎದ್ದು ಹೋಗು ಸೋಮಾರಿ ಅಂತ ಹೇಳಿ, ಆರಿಸ್ರೀ!"

"ನೀವೇ ಹೇಳಿದ್ರಿ ಅಂತ ಅವರ ಪರದೆಗೆ ಕಳಿಸಲಾ ಸಾರ್?"

"ಧಾರಾಳವಾಗಿ!"

ಅವಳು ನಗು ನುಂಗಿಕೊಂಡು ಟೈಪಿಸಿದಳು. ಟಿಣ್ ಎಂದಿತು, ಸಾಹೇಬರದೇ ಕೋಣೆಯಲ್ಲಿ.

ಬರಿಗಾಲಲ್ಲೇ ಓಡಿದರು. ಬೆಳಗಿನಿಂದ ಎರಡೇ ಬೆರಳಲ್ಲಿ ಕುಟ್ಟಿದ ವಾರ್ಷಿಕ ವರದಿಯ ಕೆಳಗೆ ಹೊಳೆಯುತ್ತಿತ್ತು: 'ಎದ್ದು ಹೋಗು ಸೋಮಾರಿ. ಮ್ಯಾನೇಜರ್ ಅಪ್ಪಣೆ.'

ವರದಿ ಉಳಿಯಿತು, ಊಟ ತಪ್ಪಿತು. ಅಂದಿನಿಂದ ದಿನಾ ಮನೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ಮೆತ್ತಗೆ ಕೇಳುತ್ತಿದ್ದರು: "ನಾನು ಒಳಗಿದ್ದೀನೇನಮ್ಮ?"

ಆ ಯಂತ್ರ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಮೊನ್ನೆ ಸಂತೆಯಲ್ಲಿ ಅವಳಿಗೆ ಎದುರಾದ, ಈಗ ಮುದುಕರಾದ ಬಿಳಿಗಿರಯ್ಯನವರು ತರಕಾರಿ ಚೀಲ ಕೆಳಗಿಟ್ಟು ಅದನ್ನೇ ಕೇಳಿದರು.

"ಇದ್ದೀರಿ ಸಾರ್," ಎಂದಳು ಅವಳು. "ಆರಿಸೋಕೆ ಮನಸ್ಸೇ ಬಂದಿಲ್ಲ."