ಏಂಜೆಲ್ ಮೀನಿನ ಊಟ

ನಿವೃತ್ತ ತಹಶೀಲ್ದಾರ್ ಗಂಗಾಧರಯ್ಯನವರ ಗಾಜಿನ ತೊಟ್ಟಿಯಲ್ಲಿ ಮೂರು ಏಂಜೆಲ್ ಮೀನುಗಳಿದ್ದವು. ದಿನವೂ ಅವಲಕ್ಕಿ ತಿಂದು ಎರಡು ಸತ್ತವು.

ಅವರು ಅಡುಗೆಯಾಕೆಯನ್ನು ಕರೆದರು. "ಇನ್ನು ಮೀನಿನ ಊಟದ ಹೊಣೆ ನಿನ್ನದು. ಇದೂ ಸತ್ತರೆ ಕೆಲಸಕ್ಕೆ ಬರಬೇಡ."

"ಇದಕ್ಕೆ ಹುಳ ಬೇಕಂತೆ ಸಾಹೇಬ್ರೆ. ಮೀನಿನ ಅಂಗಡಿಯವರು ಹೇಳಿದ್ರು."

"ಮಾಂಸಾಹಾರ ನನ್ನ ಗೇಟು ದಾಟಿ ಒಳಗೆ ಬರಕೂಡದು."

ಆಕೆ ಹೂಂ ಅಂದಳು. ಹಿತ್ತಲಲ್ಲಿ ಒಂದು ಬಕೆಟ್ ನೀರನ್ನು ಮುಚ್ಚದೆ ಇಟ್ಟಳು. ನಾಲ್ಕು ದಿನ ಬಿಟ್ಟು, ಪ್ರತಿ ಬೆಳಿಗ್ಗೆ ಹಳೆಯ ಚಹಾ ಜಾಲರಿಯಲ್ಲಿ ಅದನ್ನು ಸೋಸಿ, ಜಾಲರಿಯನ್ನು ತೊಟ್ಟಿಗೆ ಕೊಡವತೊಡಗಿದಳು. ವಾರದೊಳಗೆ ಮೀನಿನ ಮಾಸಿದ್ದ ಪಟ್ಟೆಗಳು ಮತ್ತೆ ಕಪ್ಪಾದವು. ಅದು ರೆಕ್ಕೆ ಬಿಚ್ಚಿ ಈಜಿತು.

ಒಂದು ಬೆಳಿಗ್ಗೆ ಗಂಗಾಧರಯ್ಯ ಕನ್ನಡಕ ಏರಿಸಿ ಆಕೆಯ ಕೈಯಲ್ಲಿದ್ದ ಜಾಲರಿಯತ್ತ ಬಗ್ಗಿದರು. "ಏನಿದು? ಮಿಸುಕಾಡ್ತಾ ಇದೆ."

"ಸೊಳ್ಳೆ ಮರಿ ಸಾಹೇಬ್ರೆ. ಗೇಟು ದಾಟಿಲ್ಲ, ಇಲ್ಲೇ ಹುಟ್ಟಿದ್ದು."

"ಅದೂ ಜೀವ ಅಲ್ಲವೇ?"

"ನಿನ್ನೆ ಸಂಜೆ ನೀವು ಕರೆಂಟ್ ಬ್ಯಾಟಿನಲ್ಲಿ ಚಟಪಟ ಅನ್ನಿಸಿದ್ದು ಇವುಗಳ ತಾಯಂದಿರನ್ನೇ."

"ಅದು ಸೊಳ್ಳೆ."

"ಇದೂ ಅದೇ. ರಕ್ತ ಕುಡಿದರೇನೇ ಅದು ಮೊಟ್ಟೆ ಇಡೋದಂತೆ, ನನ್ನ ಮಗಳ ಪುಸ್ತಕದಲ್ಲಿದೆ. ರಾತ್ರಿ ಹೊತ್ತು ಈ ಮನೇಲಿ ಅದಕ್ಕೆ ಸಿಗೋದು ನೀವೊಬ್ಬರೇ."

ಗಂಗಾಧರಯ್ಯ ಕುರ್ಚಿ ಎಳೆದುಕೊಂಡು ಕುಳಿತರು. "ಸೊಳ್ಳೆ ನನ್ನ ರಕ್ತ ಕುಡಿಯುತ್ತೆ. ಅದರ ಮರಿಯನ್ನು ಮೀನು ತಿನ್ನುತ್ತೆ. ಹಾಗಾದರೆ ಮೀನು ತಿಂತಾ ಇರೋದು..."

ಅಂದು ಸಂಜೆ ಒಂದು ಸೊಳ್ಳೆ ಅವರ ಮುಂಗೈ ಮೇಲೆ ಕುಳಿತಿತು. ಅವರು ಬ್ಯಾಟು ಎತ್ತಿದರು. ಮೀನಿನತ್ತ ನೋಡಿದರು. ಅಡುಗೆಮನೆಯತ್ತ ತಿರುಗಿ ಕೇಳಿದರು, "ಇದನ್ನು ಹೊಡೆಯಲೋ, ಬಿಡಲೋ?"

"ಕುಡಿದು ಮುಗಿಸಲಿ ಸಾಹೇಬ್ರೆ. ಮುಂದಿನ ವಾರದ ಊಟಕ್ಕೆ ಬೇಕು."

ಗಂಗಾಧರಯ್ಯ ಕೈ ಅಲ್ಲಾಡಿಸದೆ ಕುಳಿತರು.