ಕಾಡುಕುರಿ ನಾಯಿಯಂತೆ ಬೊಗಳುವುದೇಕೆ

ಭೂಮಿ ಇನ್ನೂ ಹಸಿಯಾಗಿದ್ದ ಕಾಲ. ಯಾರು ಎಲ್ಲಿ ಕೂರಬೇಕೆಂದು ಬೆಟ್ಟಗಳು ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದವು. ಗಾಳಿ ಮಾತಾಡುತ್ತಿತ್ತು, ಹಳ್ಳ ಮಾತಾಡುತ್ತಿತ್ತು, ಮಂಜು ಕೂಡ ಮಾತಾಡುತ್ತಿತ್ತು. ಎಲ್ಲರೂ ಮಾತಾಡುತ್ತಿದ್ದ ಆ ಕಾಲದಲ್ಲಿ ದನಿಯೇ ಇಲ್ಲದ ಪ್ರಾಣಿ ಒಂದೇ ಒಂದಿತ್ತು. ಅದು ಕಾಡುಕುರಿ.

ಕುರಿ ಅಂದರೆ ಹಟ್ಟಿಯ ಕುರಿಯಲ್ಲ ಮಗೂ. ಹೆಸರಿಗಷ್ಟೇ ಕುರಿ, ನಿಜಕ್ಕೂ ಅದು ಜಿಂಕೆಯ ತಂಗಿ. ಕೆಂಪು ಮೈ, ಕಡ್ಡಿಯಂಥ ಕಾಲು, ಒಂಟಿಯಾಗಿ ಪೊದೆಯಲ್ಲಿ ಬದುಕುವ ಪುಕ್ಕಲು. ಹುಲಿ ಹಿಡಿದರೂ ಸುಮ್ಮನೆ, ಕಾಲು ಮುರಿದರೂ ಸುಮ್ಮನೆ. ಅದಕ್ಕೆ ದನಿ ಬಂದದ್ದು ಹೇಗೆಂದು ಹೇಳುತ್ತೇನೆ. ನಗಿಸುವ ಕತೆಯಲ್ಲ ಇದು. ನಡುವೆ ಅತ್ತರೆ ನಾನೇನೂ ನಿಲ್ಲಿಸುವವಳಲ್ಲ.

ಆ ಕಾಡಿನ ಅಂಚಿನಲ್ಲಿ ಜಡೆಯ ಎಂಬ ಬೇಟೆಗಾರನಿದ್ದ. ಅವನ ಹೆಂಡತಿ ಕುಂಬಿ. ಜಡೆಯನಿಗೆ ಬಿಲ್ಲಿತ್ತು, ಬಾಣವಿತ್ತು, ಬೇಟೆಯ ಬುದ್ಧಿ ಮಾತ್ರ ಇರಲಿಲ್ಲ. ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು, ಒಣ ಎಲೆ ತುಳಿಯುತ್ತಾ ಹೋಗುತ್ತಿದ್ದ. ಅವನ ಬೆವರಿನ ವಾಸನೆ ಅವನಿಗಿಂತ ಮೊದಲೇ ಕಾಡು ಸೇರುತ್ತಿತ್ತು. ದಿನವೂ ಬರಿಗೈಲಿ ಬಂದು ಗೆಣಸು ತಿಂದು ಮಲಗುತ್ತಿದ್ದ.

ಒಂದು ದಿನ ಬಂಡೆಯ ಮೇಲೆ ಮಲಗಿದ್ದ ಹೆಣ್ಣುನಾಯಿಯೊಂದು ಅವನನ್ನು ನೋಡಿ ನಕ್ಕಿತು. ಎದೆಯ ಮೇಲೆ ಬಿಳಿ ಮಚ್ಚೆ ಇದ್ದದ್ದರಿಂದ ಅವಳ ಹೆಸರು ಮಚ್ಚಿ.

"ಯಾಕೆ ನಗ್ತೀಯೆ?" ಎಂದು ಜಡೆಯ ರೇಗಿದ.

"ನಿನ್ನ ಮೂಗಿರೋದು ಬರೀ ಉಸಿರಾಡೋಕೆ ಕಣೋ," ಎಂದಳು ಮಚ್ಚಿ. "ಬೇಟೆ ನಾನು ಕಲಿಸ್ತೀನಿ. ಬದಲಿಗೆ ಏನು ಕೊಡ್ತೀಯ?"

"ಪಾಲು ಕೊಡ್ತೀನಿ. ಬೇಟೇಲಿ ಓಡಿದ ಕಾಲಿಗೆ ಪಾಲು. ಮುತ್ತುಗದೆಲೆ ಮೇಲೆ ನಿನ್ನ ಪಾಲು ಇಟ್ಟ ಮೇಲೇ ನಾನು ಕೈ ತೊಳೆಯೋದು."

"ನಾನು ಕೇಳಿಸ್ಕೊಂಡಿದೀನಿ," ಎಂದಿತು ಗಾಳಿ. ಹೀಗೆ ಗಾಳಿ ಆ ಮಾತಿಗೆ ಸಾಕ್ಷಿಯಾಯಿತು.

ಮಚ್ಚಿ ಕಲಿಸಿದಳು. ಗಾಳಿ ಮುಖಕ್ಕೆ ಬಡಿಯುವ ಹಾಗೆ ನಡಿ, ಬೆನ್ನಿಗೆ ಬಡಿದರೆ ಸುತ್ತು ಹಾಕಿ ಬಾ, ಇಲ್ಲವೇ ಮನೆಗೆ ಹೋಗಿ ಮಲಗು ಎಂದಳು. ಮಳೆ ನಿಂತ ಗಳಿಗೆಯೇ ಜಿಂಕೆಯ ಗಳಿಗೆ. ಮರದಿಂದ ಹನಿ ತೊಟ್ಟಿಕ್ಕುವ ಸದ್ದಿಗೆ ಅದರ ಕಿವಿ ಕೆಲಸ ಮಾಡದು, ಹೆದರಿ ಬಯಲಿಗೆ ಬರುತ್ತದೆ. ಎಲೆ ನೆನೆದಿರುವುದರಿಂದ ನಿನ್ನ ಹೆಜ್ಜೆಯೂ ಕೇಳಿಸದು. ಬಿಸಿಲು ಸುಡುವಾಗ ಬೆಟ್ಟ ಹತ್ತಿ ಯಾಕೆ ಸಾಯುತ್ತೀ, ಹಂದಿ ಕೆಸರಿನಲ್ಲಿ ಹೊರಳುತ್ತಿರುತ್ತದೆ, ಅಲ್ಲೇ ಕಾದು ಕೂರು. ಬಿರುಗಾಳಿ ಎದ್ದ ದಿನ ಕಡವೆ ಗುಡ್ಡದ ಮರೆಯಲ್ಲಿ, ಹಳ್ಳದ ತಗ್ಗಿನಲ್ಲಿ ಅಡಗಿರುತ್ತದೆ. ಮೊಲವನ್ನು ಚಳಿಯ ಬೆಳಗ್ಗೆ ಹುಡುಕು, ನೀನು ತುಳಿಯುವವರೆಗೂ ಅದು ಕದಲುವುದಿಲ್ಲ.

ಜಡೆಯ ಕಲಿತ. ಮಚ್ಚಿ ಮುಂದೆ ಓಡಿದಳು, ಜಡೆಯ ಹಿಂದೆ ಓಡಿದ. ಮನೆಯಲ್ಲಿ ಮಾಂಸದ ಘಮ ಎದ್ದಿತು. ಮೊದಲು ಮುತ್ತುಗದೆಲೆ, ಆಮೇಲೆ ಕೈ ತೊಳೆಯುವುದು. ಒಂದು ದಿನವೂ ತಪ್ಪಲಿಲ್ಲ.

ಆಮೇಲೆ ಮಳೆಗಾಲ ಬಂತು. ಅಂಥ ಮಳೆಯನ್ನು ಹೊಸ ಭೂಮಿ ಕಂಡಿರಲಿಲ್ಲ. ಹಳ್ಳ ಉಕ್ಕಿತು, ಪ್ರಾಣಿಗಳೆಲ್ಲ ಬೆಟ್ಟದಾಚೆ ಹೋದವು, ಅಟ್ಟದ ಮೇಲಿನ ಒಣಮಾಂಸ ತೀರಿತು. ಆ ಮಳೆಯಲ್ಲೇ ಮಚ್ಚಿ ಒಲೆಯ ಪಕ್ಕ ಮರಿ ಹಾಕಿದಳು. ಮೂರು ಮರಿ, ಇನ್ನೂ ಕಣ್ಣು ಬಿಡದ ಎಳೆಯವು. ಅವಳಿಗೆ ಏಳಲೂ ಆಗುತ್ತಿರಲಿಲ್ಲ.

ಜಡೆಯ ಬಾಗಿಲಲ್ಲಿ ನಿಂತು, "ಇವತ್ತು ಎಲ್ಲಿಗೆ ಹೋಗಲಿ?" ಎಂದು ಕೇಳಿದ.

ಮಚ್ಚಿ ಮಲಗಿದಲ್ಲಿಂದಲೇ ಮೂಗೆತ್ತಿದಳು. "ಮಳೆ ಈಗ ಬಿಡುತ್ತೆ. ಮೂಡಲ ಗಾಳಿ. ನೀನು ಪಡುವಲಿಂದ ಹೋಗು, ಬಿದಿರು ಮೆಳೆ ಹತ್ತಿರ ಒಂದು ಜೀವ ಇದೆ. ಬೇಗ ಬಾ. ನನ್ನ ಹಾಲು ಬತ್ತುತಾ ಇದೆ."

ಅವಳು ಹೇಳಿದಂತೆಯೇ ಮಳೆ ಬಿಟ್ಟಿತು. ಹೇಳಿದಂತೆಯೇ ಬಿದಿರು ಮೆಳೆಯ ಹತ್ತಿರ ಕಾಡುಕುರಿಯೊಂದು ನಿಂತಿತ್ತು. ಜಡೆಯ ಬಾಣ ಬಿಟ್ಟ. ಅದು ಸದ್ದು ಮಾಡದೆ ಬಿತ್ತು.

ಮನೆಗೆ ತಂದು ಕುಯ್ದ. ಕಾಡುಕುರಿ ಎಷ್ಟು ದೊಡ್ಡದು? ಒಂದು ಮಡಕೆಗೆ ಸಾಕಾಗುವಷ್ಟು. ಜಡೆಯ ಮಡಕೆ ನೋಡಿದ, ಮಳೆ ಮತ್ತೆ ಕವಿಯುತ್ತಿದ್ದ ಆಕಾಶ ನೋಡಿದ, ಕೈ ತೊಳೆದುಕೊಂಡ.

"ಎಲೆ ಎಲ್ಲಿ?" ಎಂದಳು ಕುಂಬಿ. "ಬಾಣಂತಿ ಅವಳು, ಮೊದಲು ಅವಳ ಪಾಲು ಇಡು."

"ಓಡಿದ ಕಾಲಿಗೆ ಪಾಲು ಅಂತ ಮಾತು," ಎಂದ ಜಡೆಯ. "ಇವತ್ತು ಓಡಿದ್ದು ನಾನು. ಇವಳು ಬೆಚ್ಚಗೆ ಮಲಗಿದ್ಲು."

ಮಚ್ಚಿ ತಲೆ ಎತ್ತಿದಳು. "ನನ್ನ ಮೂಗು ಓಡಿತಲ್ಲೋ, ಬಿದಿರು ಮೆಳೆವರೆಗೂ?"

"ಮೂಗಿಗೆ ಪಾಲು ಅಂತ ನಾನು ಅಂದಿಲ್ಲ. ಬೇಕಾದ್ರೆ ಸಾಕ್ಷೀನ ಕೇಳು."

ಗಾಳಿ ಬಾಗಿಲ ಸಂದಿಯಲ್ಲಿ ನಿಂತಿತ್ತು. ಸುಳ್ಳು ಹೇಳಲು ಅದಕ್ಕೆ ಬರುತ್ತಿರಲಿಲ್ಲ. "ಕಾಲು ಅಂತಾನೇ ಅಂದದ್ದು," ಎಂದು ಹೇಳಿ, ನಾಚಿಕೆಯಿಂದ ಹೊರಟುಹೋಯಿತು.

ಹತ್ತಿದ ಏಣಿಯನ್ನೇ ಒದೆಯುವುದು ಅಂದರೆ ಇದೇ. ನನಗೆ ಆ ಜಡೆಯನ ಮೇಲೆ ಇವತ್ತಿಗೂ ಸಿಟ್ಟಿದೆ. ಕುಂಬಿ ಗೆಣಸು ಬೇಯಿಸಿದ ನೀರನ್ನು ಕದ್ದು ಕೊಟ್ಟಳು. ನೀರಿನಿಂದ ಹಾಲಾಗುತ್ತದೆಯೇ? ಮರಿಗಳು ಬತ್ತಿದ ಮೊಲೆಯನ್ನು ಚೀಪಿದವು, ಚೀಪಿ ಚೀಪಿ ಸುಸ್ತಾದವು. ಒಂದು ತಣ್ಣಗಾಯಿತು. ಆಮೇಲೆ ಇನ್ನೊಂದು ತಣ್ಣಗಾಯಿತು. ಕೊನೆಯದನ್ನು ಮಚ್ಚಿ ಬಾಯಲ್ಲಿ ಕಚ್ಚಿಕೊಂಡು ಮಳೆಗೆ ಇಳಿದಳು. ದಾರಿಯಲ್ಲೇ ಅದೂ ತಣ್ಣಗಾಯಿತು.

ಮರಿಯನ್ನು ಹಳ್ಳದ ದಂಡೆಯಲ್ಲಿ ಹೂತು, ಅವಳು ಅಲ್ಲೇ ಬಿದ್ದುಕೊಂಡಳು. "ನನ್ನನ್ನೂ ತಗೊಂಡು ಹೋಗು," ಎಂದು ಹಳ್ಳಕ್ಕೆ ಹೇಳಿದಳು.

"ಈಗಲೇ ಬೇಡ," ಎಂದಿತು ಹಳ್ಳ. "ನೀನು ತೋರಿಸಿದ ಆ ಕಾಡುಕುರಿ ಇತ್ತಲ್ಲ, ಅದರ ಕೆಚ್ಚಲಲ್ಲಿ ಹಾಲಿತ್ತು. ಅದರ ಮರಿ ಬಿದಿರು ಮೆಳೇಲಿ ಒಂಟಿಯಾಗಿದೆ. ಅಮ್ಮಾ ಅಂತ ಕೂಗೋಕೂ ಅದಕ್ಕೆ ಬಾಯಿಲ್ಲ."

ಮಚ್ಚಿ ಎದೆ ಒಡೆದವಳಂತೆ ಎದ್ದು ಕೂತಳು. ಆ ಜೀವವನ್ನು ತೋರಿಸಿದ್ದು ತನ್ನ ಮೂಗೇ. ಅವಳು ಹಳ್ಳದ ಏಡಿ ಹಿಡಿದು ತಿಂದಳು, ಕಪ್ಪೆ ತಿಂದಳು, ಸಿಕ್ಕಿದ್ದೆಲ್ಲ ತಿಂದಳು. ಬಿದಿರು ಮೆಳೆಗೆ ಹೋಗಿ, ನಡುಗುತ್ತಿದ್ದ ಕೆಂಪು ಮರಿಯ ಪಕ್ಕ ಮಲಗಿದಳು. ಮರಿ ಹೆದರಿತು. ಹಸಿವು ಹೆಚ್ಚಾದಾಗ ಹತ್ತಿರ ಬಂತು. ಬಾಯಿ ಹಾಕಿತು. ಬತ್ತಿದ ಹಾಲು ಇಳಿಯಿತು.

ನಾಯಿಯ ಹಾಲು ಕುಡಿದು ಕಾಡುಕುರಿ ಮರಿ ಬೆಳೆಯಿತು. ಒಂದು ದಿನ ಅದು ಬಾಯಿ ತೆರೆದು "ಬೌ" ಎಂದಿತು. ತನ್ನ ಸದ್ದಿಗೆ ತಾನೇ ಬೆಚ್ಚಿ ಮಚ್ಚಿಯ ಹೊಟ್ಟೆಯಡಿ ನುಗ್ಗಿತು. ಮರಿಗಳು ಸತ್ತ ಮೇಲೆ ಮಚ್ಚಿ ನಕ್ಕದ್ದು ಅದೊಂದೇ ಸಲ.

ಆಮೇಲೆ ಅವಳು ಜಡೆಯನಿಗೆ ಕಲಿಸಿದ್ದನ್ನೆಲ್ಲ ಮರಿಗೆ ತಿರುಗಿಸಿ ಕಲಿಸಿದಳು. "ಮಳೆ ನಿಂತಾಗ ಬಯಲಿಗೆ ಹೋಗಬೇಡ, ಅವನು ಬರೋದು ಆಗಲೇ. ಬಿಸಿಲಲ್ಲಿ ನೀರಿನ ಹತ್ತಿರ ಸುಳಿಯಬೇಡ. ಗಾಳೀಲಿ ಬೆವರಿನ ವಾಸನೆ ಬಂದರೆ ಬೊಗಳು. ಇಡೀ ಕಾಡಿಗೆ ಕೇಳೋ ಹಾಗೆ ಬೊಗಳು, ನಿಲ್ಲಿಸಬೇಡ."

ಗಾಳಿಗೆ ಆ ದಿನದ ನಾಚಿಕೆ ಇನ್ನೂ ಇತ್ತು. ಜಡೆಯ ಎತ್ತ ತಿರುಗಿದರೂ ಅದು ಅವನ ಬೆನ್ನಿಗೇ ಬೀಸಿತು. ಮರಿ ಬೊಗಳಿತು, ಜಿಂಕೆ ಓಡಿತು, ಕಡವೆ ಓಡಿತು, ಹಂದಿ ಮೆಳೆ ಸೇರಿತು. ಜಡೆಯನಿಗೆ ಮಾತ್ರ ಬೇರೆಯದೇ ಕೇಳಿಸಿತು. "ಮಚ್ಚಿ ಬೇಟೆ ಅಟ್ಟುತ್ತಿದ್ದಾಳೆ, ನನ್ನನ್ನು ಕರೀತಿದ್ದಾಳೆ!" ಎಂದುಕೊಂಡು ಸದ್ದಿನ ಹಿಂದೆ ಓಡಿದ. ಹೋಗಿ ನೋಡಿದರೆ ಬರೀ ಗೊರಸಿನ ಗುರುತು. ದಿನವೂ ಹೀಗೇ ಆಯಿತು. ಹಸಿವಿನಿಂದ ಅವನ ಕಣ್ಣು ಒಳಗೆ ಹೋದವು. ಕೊನೆಗೆ ಅವನಿಗೆ ಅರ್ಥವಾಯಿತು, ಅದು ಕರೆಯುವ ಬೊಗಳಿಕೆಯಲ್ಲ, ಓಡಿಸುವ ಬೊಗಳಿಕೆ.

"ಆ ಬಾಯಿ ಮುಚ್ಚಿಸ್ತೀನಿ," ಎಂದು ಬಿಲ್ಲು ಹಿಡಿದು ಹೊರಟ.

ಅವತ್ತು ಮಂಜು ಕಾಡನ್ನೆಲ್ಲ ತುಂಬಿತ್ತು. ಮಾರು ದೂರದ ಮರವೂ ಕಾಣುತ್ತಿರಲಿಲ್ಲ. ಮಂಜಿನೊಳಗಿಂದ ಬೊಗಳುವ ಸದ್ದು ಬಂತು. ಜಡೆಯ ಆ ಸದ್ದಿಗೆ ಬಾಣ ಹೂಡಿದ.

"ಬಿಡಬೇಡ ಕಣೋ," ಎಂದಿತು ಮಂಜು. "ಏನು ಹೊಡೀತೀಯ ಅಂತ ನಿನಗೇ ಗೊತ್ತಿಲ್ಲ. ನನ್ನೊಳಗೆ ಯಾರೂ ಬಾಣ ಬಿಡಬಾರದು."

ಬಾಣ ಆಗಲೇ ಹೋಗಿತ್ತು.

ಬೊಗಳಿಕೆ ನಿಲ್ಲಲಿಲ್ಲ. ಜಡೆಯ ಮಂಜನ್ನು ತಡವುತ್ತಾ ಹತ್ತಿರ ಹೋದ. ಅಲ್ಲಿ ಒಂದು ಪುಟ್ಟ ಕಾಡುಕುರಿ ನಿಂತಿತ್ತು. ಬೊಗಳುತ್ತಿದ್ದದ್ದು ಅದು. ಅದರ ಮುಂದೆ, ಬಿಲ್ಲಿನ ನಾರು ಮಿಡಿದ ಸದ್ದಿಗೆ ಹಾರಿ ಅಡ್ಡ ಬಂದ ಮಚ್ಚಿ ಬಿದ್ದಿದ್ದಳು. ಎದೆಯ ಬಿಳಿ ಮಚ್ಚೆಯಲ್ಲೇ ಬಾಣ ನೆಟ್ಟಿತ್ತು.

ಜಡೆಯನ ಕೈಯಿಂದ ಬಿಲ್ಲು ಜಾರಿತು. ಸೊಂಟದ ಚೀಲದಲ್ಲಿ ದಾರಿಬುತ್ತಿಗೆಂದು ಇಟ್ಟುಕೊಂಡಿದ್ದ ಒಣಮಾಂಸದ ಚೂರೊಂದಿತ್ತು, ಮರಿ ಬೊಗಳಲು ಕಲಿಯುವ ಮುಂಚಿನ ಬೇಟೆಯಲ್ಲಿ ಉಳಿದ ಕೊನೆಯದು. ಅವನು ಮುತ್ತುಗದೆಲೆ ಕಿತ್ತು ತಂದ. ಎಲೆಯ ಮೇಲೆ ಆ ಚೂರನ್ನಿಟ್ಟು ಮಚ್ಚಿಯ ಬಾಯಿಯ ಹತ್ತಿರ ಸರಿಸಿದ. "ತಿನ್ನೇ," ಎಂದ. "ನಿನ್ನ ಪಾಲು ಕಣೇ, ತಿನ್ನೇ." ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಚ್ಚಿಯ ಕಣ್ಣು ತೆರೆದೇ ಇದ್ದವು, ಅವು ಎಲೆಯನ್ನು ನೋಡಲಿಲ್ಲ.

ಮರಿಗೆ ಸಾವು ಗೊತ್ತಿರಲಿಲ್ಲ. ಅಮ್ಮ ಹೇಳಿಕೊಟ್ಟದ್ದು ಗೊತ್ತಿತ್ತು. ಮನುಷ್ಯನ ವಾಸನೆ ಮೂಗಿಗೆ ಬಡಿಯುತ್ತಿರುವವರೆಗೂ ಅದು ಬೊಗಳಿತು. ಜಡೆಯ ಬರಿಗೈಲಿ ಎದ್ದು ಹೋದ ಮೇಲೂ, ಅಮ್ಮ ಇನ್ನೂ ಯಾಕೆ ಏಳುತ್ತಿಲ್ಲವೆಂದು ಬೊಗಳಿತು. ಮುಂದೆ ಅದರ ಮರಿಗಳು ಅದರಿಂದ ಕಲಿತವು, ಆ ಮರಿಗಳಿಂದ ಅವುಗಳ ಮರಿಗಳು.

ಸಂಜೆ ಕಾಡಿನ ಕಡೆಯಿಂದ ನಾಯಿ ಬೊಗಳಿದ ಹಾಗೆ ಕೇಳಿಸಿ, ಯಾರ ನಾಯಿ ದಾರಿ ತಪ್ಪಿತೋ ಎಂದು ನೀನು ಕೇಳುತ್ತೀಯಲ್ಲ, ಅದು ನಾಯಿಯಲ್ಲ ಮಗೂ, ಕಾಡುಕುರಿ. ಮನುಷ್ಯ ಬರುತ್ತಿದ್ದಾನೆ, ಓಡಿ ಎಂದು ತಾಯಿಯ ದನಿಯಲ್ಲಿ ಇವತ್ತಿಗೂ ಕೂಗುತ್ತಿದೆ.